ಶೋಕದ ನಡುವೆಯೇ ಒದಗುವ ಆನಂದ

ಕಾಲೇಜಿನಲ್ಲಿ ಕಲಿತ ಪಾಠಗಳಲ್ಲಿ ಎಷ್ಟೋ ಮರೆತುಹೋಗಿವೆಯಾದರೂ, ಅಂತಿಮ ವರ್ಷದಲ್ಲಿ ನಮ್ಮ ಕನ್ನಡ ಅಧ್ಯಾಪಕರು ರವೀಂದ್ರನಾಥ ಟಾಗೋರರನ್ನು ಕುರಿತು ಆಡಿದ ಮಾತುಗಳು ಇಂದಿಗೂ ನನ್ನ ಜೊತೆಗಿವೆ. ಆ ವರ್ಷವೇ ಅಧ್ಯಾಪಕರ ಪತ್ನಿ ತೀರಿಕೊಂಡಿದ್ದರು. ರಜೆ ಮುಗಿಸಿ ತರಗತಿಗೆ ಬಂದ ಅವರ ಮುಖದಲ್ಲಿ ದುಃಖ ಎದ್ದು ಕಾಣುತ್ತಿತ್ತು. ಪಾಠ ಹೇಳುವ ಪ್ರೀತಿ ಮಾತ್ರ ಕುಗ್ಗಿರಲಿಲ್ಲ. ಸಹಪಾಠಿಯೊಬ್ಬಳು ಸಂಕೋಚದಿಂದಲೇ, ಇಷ್ಟು ನೋವಿನಲ್ಲಿಯೂ ಹೀಗಿರುವುದು ಹೇಗೆ ಸಾಧ್ಯ ಸರ್ ಎಂದು ಕೇಳಿದಾಗ, ಅವರು ತಮ್ಮ ವಿಷಯವನ್ನು ಬಿಟ್ಟು ಟಾಗೋರರ ಬದುಕಿನ ಕೆಲವು ವರ್ಷಗಳನ್ನು ನಮ್ಮ ಮುಂದಿಟ್ಟರು.

1902ರಲ್ಲಿ ಟಾಗೋರರ ಪತ್ನಿ ಮೃಣಾಲಿನಿ ದೇವಿ ತೀರಿಕೊಂಡರು. ಮರುವರ್ಷ ಮಗಳು ರೇಣುಕಾ, 1905ರಲ್ಲಿ ತಂದೆ ದೇವೇಂದ್ರನಾಥರು, 1907ರಲ್ಲಿ ಕಿರಿಯ ಮಗ ಶಮೀಂದ್ರನಾಥ ಅಗಲಿದರು. ಕಾಲರಾಕ್ಕೆ ಬಲಿಯಾದ ಆ ಹುಡುಗನಿಗೆ 11 ವರ್ಷವೂ ತುಂಬಿರಲಿಲ್ಲ. ಬಂಗಾಳಿ ಗೀತಾಂಜಲಿ ಪ್ರಕಟವಾದದ್ದು ಇವೆಲ್ಲದರ ಬಳಿಕ, 1910ರಲ್ಲಿ. ಮುಂದೆ 1932ರಲ್ಲಿ ಮಗಳು ಮೀರಾಳ ಒಬ್ಬನೇ ಮಗ ಜರ್ಮನಿಯಲ್ಲಿ ಅಸುನೀಗಿದಾಗ, ಆಕೆಗೆ ಬರೆದ ಪತ್ರದಲ್ಲಿ ಟಾಗೋರರು ಶಮೀಂದ್ರನಾಥನ ಸಾವನ್ನು ನೆನೆದರು. ಅವನು ಹೋದ ಮರುದಿನದ ರಾತ್ರಿ ರೈಲಿನಲ್ಲಿ ಹಿಂತಿರುಗುವಾಗ ಆಕಾಶವೆಲ್ಲ ಬೆಳದಿಂಗಳಲ್ಲಿ ತೇಲುತ್ತಿತ್ತು, ಎಲ್ಲಿಯೂ ಏನೂ ಕಡಿಮೆಯಾದ ಕುರುಹಿರಲಿಲ್ಲ; ಸಮಸ್ತದೊಳಗೆ ಎಲ್ಲವೂ ಉಳಿದಿದೆ, ತಾವೂ ಅದರೊಳಗೇ ಇರುವೆವೆಂದು ಮನಸ್ಸು ನುಡಿಯಿತು ಎಂಬುದು ಆ ಪತ್ರದ ತಾತ್ಪರ್ಯ.

ಇದನ್ನು ಹೇಳುವಾಗ ಅಧ್ಯಾಪಕರು ಒಂದು ಮಾತನ್ನು ಒತ್ತಿ ಹೇಳಿದ್ದರು. ಮಗನ ಸಾವು ಚಿಕ್ಕದೆಂದು ಆ ತಂದೆಗೆ ಅನ್ನಿಸಲಿಲ್ಲ. ಆ ಸಾವಿನಿಂದಲೂ ಕುಂದದಷ್ಟು ದೊಡ್ಡದೊಂದು ಇದೆಯೆಂಬುದು ಅಳುವ ಕಣ್ಣಿಗೇ ಕಂಡಿತು. ಭಾಗವತದ ಕುಂತಿ, ವಿಪತ್ತುಗಳಲ್ಲಿಯೇ ನಿನ್ನ ದರ್ಶನವಾಗುವುದರಿಂದ ಅವು ಮತ್ತೆ ಮತ್ತೆ ಬರಲಿ ಎಂದು ಕೃಷ್ಣನನ್ನು ಬೇಡಿದ್ದನ್ನೂ ಅವರು ಅಂದು ನೆನಪಿಸಿದರು. ಕುಂತಿಯ ಆ ಎತ್ತರ ಎಲ್ಲರಿಗೂ ಎಟುಕುವಂಥದ್ದಲ್ಲ. ವಿಪತ್ತನ್ನು ಬೇಡಿಕೊಳ್ಳುವ ಧೈರ್ಯ ನನಗೆ ಇಂದಿಗೂ ಇಲ್ಲ, ಆದರೆ ಬಂದ ವಿಪತ್ತಿನಲ್ಲಿ ದೈವದ ಸಾನ್ನಿಧ್ಯವನ್ನು ಅರಸಬಹುದೆಂಬ ಭರವಸೆಯಿದೆ.

ಆ ಭರವಸೆ ನನ್ನದಾದದ್ದು ತಾಯಿಯ ದೀರ್ಘ ಕಾಯಿಲೆಯ ಕಾಲದಲ್ಲಿ. ಅವರು ಗುಣವಾಗಲೆಂದು ಮಾಡುತ್ತಿದ್ದ ಪ್ರಾರ್ಥನೆಯಲ್ಲಿ ಮೊದಮೊದಲು ಭಯವೇ ತುಂಬಿರುತ್ತಿತ್ತು. ಬರಬರುತ್ತ ಬೇಡಿಕೆ ಕಡಿಮೆಯಾಗಿ, ಅವರ ಕೈ ಹಿಡಿದು ಮೌನವಾಗಿ ಕುಳಿತಿರುವುದೇ ಪ್ರಾರ್ಥನೆಯಾಯಿತು. ಪಕ್ಕದ ಹಾಸಿಗೆಯ ವೃದ್ಧೆಗೆ ನೀರು ಕುಡಿಸುವಾಗ, ರಾತ್ರಿಯೆಲ್ಲ ಎಚ್ಚರವಿದ್ದ ದಾದಿಗೆ ಕೃತಜ್ಞತೆ ಹೇಳುವಾಗ, ನನ್ನ ದುಃಖ ನನ್ನೊಬ್ಬಳದಲ್ಲವೆಂಬ ಅರಿವಿನೊಂದಿಗೆ, ಕಾರಣ ಹೇಳಲಾಗದ ಒಂದು ತಿಳಿಯಾದ ಸಂತೋಷ ಒಳಗೆ ಹರಡುತ್ತಿತ್ತು. ಅದು ಬಹಳ ಹೊತ್ತು ನಿಲ್ಲುತ್ತಿರಲಿಲ್ಲ, ಕರೆದಾಗ ಬರುತ್ತಲೂ ಇರಲಿಲ್ಲ. ತಾಯಿ ಉಳಿಯಲಿಲ್ಲ. ಅವರಿಲ್ಲದ ನೋವು ಮತ್ತು ಅಂದು ದೊರೆತ ಆ ಸಂತೋಷ, ಇವೆರಡೂ ಒಂದನ್ನೊಂದು ಅಳಿಸದೆ ನನ್ನಲ್ಲಿ ಇಂದಿಗೂ ಜೊತೆಯಾಗಿಯೇ ಇವೆ.

ಇಂಥ ಆನಂದವನ್ನು ಶೋಕದಲ್ಲಿರುವವರ ಮೇಲೆ ಹೇರಬಾರದೆಂದೂ ನಾನು ದೃಢವಾಗಿ ನಂಬಿದ್ದೇನೆ. ಎಲ್ಲವೂ ಒಳ್ಳೆಯದಕ್ಕೇ ಎಂದು ಆತುರದಲ್ಲಿ ಹೇಳುವ ಸಾಂತ್ವನ ಎಷ್ಟು ನೋಯಿಸಬಲ್ಲದೆಂಬುದು ಅದನ್ನು ಕೇಳಿದವರಿಗೆ ಗೊತ್ತು. ಟಾಗೋರರ ಪತ್ರ ಹಾಗೆ ನೋಯಿಸದಿರುವುದಕ್ಕೆ ನನಗೆ ತೋರುವ ಕಾರಣವೆಂದರೆ, ಅದು ಮಗನನ್ನು ಕಳೆದುಕೊಂಡ ತಂದೆ, ಸುಮಾರು 25 ವರ್ಷ ಆ ನೋವಿನೊಂದಿಗೇ ಬಾಳಿದ ಬಳಿಕ, ಮಗನನ್ನು ಕಳೆದುಕೊಂಡ ತನ್ನದೇ ಮಗಳಿಗೆ ಬರೆದದ್ದು.