ಬುಡಕ್ಕೆ ಗುಡ್ಡೆ ಹಾಕ್ಬೇಡಿ ಮಾರಾಯ್ರೇ

ಮಲ್ಚಿಂಗ್ (ಗಿಡದ ಸುತ್ತ ಮಣ್ಣಿನ ಮೇಲೆ ಹುಲ್ಲು, ಎಲೆಗಳ ಹೊದಿಕೆ ಹಾಸೋದು) ಮಾಡಿ ಅಂತ ಎಲ್ರೂ ಹೇಳ್ತಾರೆ, ಎಲ್ಲಿ ಹಾಕ್ಬೇಕು ಅನ್ನೋದನ್ನ ಮಾತ್ರ ಯಾರೂ ಸರಿಯಾಗಿ ಹೇಳಲ್ಲ. ಮೊದಲನೇ ವರ್ಷ ನಾನೂ ಹಣ್ಣಿನ ಗಿಡಗಳ ಬುಡಕ್ಕೆ ಒಣಹುಲ್ಲು, ತರಗೆಲೆ ಎಲ್ಲಾ ತಂದು ಗುಡ್ಡೆ ಹಾಕಿ ಖುಷಿಯಾಗಿ ಕೂತಿದ್ದೆ, ಮಳೆ ಮುಗಿಯೋ ಹೊತ್ತಿಗೆ ತೊಗಟೆ ಸದಾ ಒದ್ದೆಯಾಗೇ ಇದ್ದು ಎರಡು ಗಿಡದ ಕಾಂಡ ಕೊಳೀತು, ಇನ್ನೊಂದರ ತೊಗಟೇನ ಇಲಿ ಸುತ್ತ ಕೆರೆದು ತಿಂದಿತ್ತು.

ಈಗ ಕಾಂಡದಿಂದ ಒಂದು ಗೇಣು ಜಾಗ ಬಿಟ್ಟು, ಕೊಂಬೆಗಳ ಅಂಚಿನವರೆಗೂ 8-10 ಸೆಂ.ಮೀ. ದಪ್ಪ ಹರಡ್ತೀನಿ, ಯಾಕಂದ್ರೆ ಆಹಾರ ಹೀರೋ ಸಣ್ಣ ಬೇರುಗಳು ಹೆಚ್ಚಾಗಿ ಮೇಲಿನ ಒಂದೆರಡು ಅಡಿ ಮಣ್ಣಲ್ಲೇ ದೂರದವರೆಗೆ ಹಬ್ಬಿರ್ತವೆ. ಮಣ್ಣು ಚೆನ್ನಾಗಿ ನೆಂದಮೇಲೆ ಹಾಸಿ, ಒಣಗಿದ ನೆಲದ ಮೇಲೆ ಹಾಸಿದ್ರೆ ಸಣ್ಣ ಮಳೆ ಎಲ್ಲಾ ಹೊದಿಕೆನೇ ಕುಡಿದುಬಿಡುತ್ತೆ.

ಮರದ ಹೊಟ್ಟು ಹಾಕಿದ್ರೆ ಸಾರಜನಕ ಕಡಿಮೆಯಾಗುತ್ತೆ ಅಂತ ಹೆದರ್ತಾರಲ್ಲ, ಅದು ಅರ್ಧ ನಿಜ. ಮಣ್ಣೊಳಗೆ ಬೆರೆಸಿದ್ರೆ ಅದನ್ನ ಕೊಳೆಸೋ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕನ ತಾವೇ ಎಳ್ಕೋತವೆ, ಎಲೆ ಹಳದಿಯಾಗುತ್ತೆ. ಮೇಲೆ ಹಾಸಿದ್ರೆ ಮಣ್ಣಿಗೆ ತಾಗೋ ತೆಳು ಪದರದಲ್ಲಿ ಮಾತ್ರ ಹಾಗಾಗೋದು. ನಾನಂತೂ ಮೊದಲು ಒಂದು ಪದರ ಕಾಂಪೋಸ್ಟ್ ಹಾಕಿ ಅದರ ಮೇಲೆ ಹೊಟ್ಟು ಹಾಸ್ತೀನಿ, ಅಗೆಯೋಕೆ ಹೋಗಲ್ಲ, ಎರೆಹುಳಾನೇ ನಿಧಾನಕ್ಕೆ ಕೆಳಗೆ ಎಳ್ಕೊಂಡು ಹೋಗುತ್ತೆ. ಹಸಿ ಕೋಳಿಗೊಬ್ಬರ ಮಾತ್ರ ನೇರ ಹಾಕ್ಬೇಡಿ, ಅಮೋನಿಯಾಕ್ಕೆ ಬೇರು ಸುಟ್ಟುಹೋಗುತ್ತೆ (ವಾಸನೆ ಬೇರೆ!), ಕೆಲವು ತಿಂಗಳು ಚೆನ್ನಾಗಿ ಕೊಳೀಲಿ.