ನಿಟ್ಟೂರು ರೈಲಿನ ವ್ಯಾಕರಣ

ಎಂ.ಎ. ಇಂಗ್ಲಿಷ್ ಓದಲು ತುಮಕೂರು ವಿಶ್ವವಿದ್ಯಾನಿಲಯಕ್ಕೆ ಬರುತ್ತಿದ್ದ ಎರಡು ವರ್ಷವೂ ನನ್ನ ಚೀಲದಲ್ಲಿ ಪಠ್ಯದ ನಾಟಕ, ಕಾದಂಬರಿಗಳ ಅಡಿಯಲ್ಲಿ ರಟ್ಟು ಕಿತ್ತುಹೋದ ಹೈಸ್ಕೂಲು ಗ್ರಾಮರ್ ಪುಸ್ತಕವೊಂದು ಇರುತ್ತಿತ್ತು. ತರಗತಿಯಲ್ಲಿ ಅದನ್ನು ನಾನು ಎಂದೂ ಹೊರಗೆ ತೆಗೆದವನಲ್ಲ. ದುರಂತ ನಾಯಕನ ಚಿತ್ತಚಾಂಚಲ್ಯವನ್ನು ಕುರಿತು ನಾಲ್ಕು ಪುಟ ಬರೆಯಬೇಕಾದ ವಿದ್ಯಾರ್ಥಿ, ಆ ನಾಲ್ಕು ಪುಟದಲ್ಲಿ ‘ದಿ’ ಎಲ್ಲಿ ಬರುತ್ತದೆ, ಎಲ್ಲಿ ಬರುವುದಿಲ್ಲ ಎಂದು ಇನ್ನೂ ತಡಕಾಡುತ್ತಿದ್ದಾನೆಂಬುದು ಪಕ್ಕದವರಿಗೆ ತಿಳಿಯಬಾರದೆಂಬ ಅಳುಕು ನನ್ನದು. ಪಕ್ಕದವನ ಚೀಲದಲ್ಲಿಯೂ ಅಂಥದೇ ಪುಸ್ತಕವಿದೆಯೆಂದು ಗೊತ್ತಾಗಲು ಮೂರು ತಿಂಗಳು ಬೇಕಾಯಿತು.

ನಾವು ಸರ್ಕಾರಿ ಶಾಲೆಯ ಕನ್ನಡ ಮಾಧ್ಯಮದವರು. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸತೊಡಗಿದ್ದು 2007ರಲ್ಲಿ; ನಮ್ಮ ಪಾಲಿಗೆ ಎ ಬಿ ಸಿ ಡಿ ಬಂದದ್ದು ಐದನೆಯ ತರಗತಿಯಲ್ಲಿ. ಎಂ.ಎ. ಎಂಬುದು ನಮ್ಮಂಥವರ ಕೈಗೆ ಎಟುಕುವಂತಾದದ್ದಕ್ಕೆ 2004ರಲ್ಲಿ ಸ್ಥಾಪನೆಯಾದ ಈ ವಿಶ್ವವಿದ್ಯಾನಿಲಯವೇ ಕಾರಣ. ಬೆಂಗಳೂರಿನಲ್ಲಿ ರೂಮು ಮಾಡಿಕೊಂಡು ಓದುವ ಶಕ್ತಿ ನಮ್ಮ ಮನೆಗಿರಲಿಲ್ಲ. ನಿಟ್ಟೂರಿನಿಂದ ತುಮಕೂರಿಗೆ ರೈಲಿನ ಪಾಸು ಮಾಡಿಸುವ ಶಕ್ತಿ ಇತ್ತು.

ನಮ್ಮ ಅಭ್ಯಾಸವೆಲ್ಲ ನಡೆದದ್ದು ಆ ಪ್ಯಾಸೆಂಜರ್ ರೈಲಿನಲ್ಲಿ. ಆಗ ಅದು ಒಂಟಿಹಳಿಯ ಮಾರ್ಗ. ಎದುರಿನಿಂದ ಬರುವ ಎಕ್ಸ್‌ಪ್ರೆಸ್ಸಿಗೆ ದಾರಿ ಬಿಡಲು ಗುಬ್ಬಿಯಲ್ಲೋ ಮಲ್ಲಸಂದ್ರದಲ್ಲೋ ರೈಲು ನಿಂತರೆ ನಮಗೆ ಇನ್ನೊಂದು ಪಾಠ ಮುಗಿಸುವಷ್ಟು ಸಮಯ ಸಿಗುತ್ತಿತ್ತು. ಇಂಗ್ಲಿಷ್ ಓದುತ್ತಿದ್ದವರು ನಾವು ಮೂವರು. ಗುಬ್ಬಿಯಲ್ಲಿ ಹತ್ತುತ್ತಿದ್ದ ನಾಲ್ಕನೆಯವಳು ಕನ್ನಡ ಎಂ.ಎ. ವಿದ್ಯಾರ್ಥಿನಿ. ತಪ್ಪು ಮಾತಾಡಿದವರು ಎಲ್ಲರಿಗೂ ಕಡಲೆಕಾಯಿ ಕೊಡಿಸಬೇಕೆಂಬ ಕಟ್ಟಳೆ ಮಾಡಿಕೊಂಡಿದ್ದೆವು. ಮೊದಲ ವಾರದ ಖರ್ಚು ನೋಡಿ, ದಿನಕ್ಕೆ ಒಂದೇ ಪೊಟ್ಟಣ ಎಂದು ತಿದ್ದುಪಡಿ ತಂದೆವು.

ವಿಚಿತ್ರವೆಂದರೆ, ಗ್ರಾಮರ್ ಪುಸ್ತಕದ ಬಿಟ್ಟ ಸ್ಥಳಗಳನ್ನು ತುಂಬುವುದರಲ್ಲಿ ನಾವು ಮೂವರೂ ನಿಸ್ಸೀಮರಾಗಿದ್ದೆವು. ಖಾಲಿ ಗೆರೆ ಕಂಡರೆ ಸಾಕು, ಅಲ್ಲಿ ಏನೋ ಬೇಕಾಗಿದೆಯೆಂದು ಕೈ ತಾನಾಗಿ ಎಚ್ಚರಗೊಳ್ಳುತ್ತಿತ್ತು. ಸ್ವಂತವಾಗಿ ಬರೆಯಲು ಕುಳಿತಾಗ ಹಾಗೆ ಎಚ್ಚರಿಸುವ ಗೆರೆ ಇರುವುದಿಲ್ಲ. ಮನಸ್ಸಿನಲ್ಲಿ ಕನ್ನಡದ ವಾಕ್ಯ ಮೂಡಿ, ಅದರ ಅಚ್ಚಿನಲ್ಲೇ ಇಂಗ್ಲಿಷ್ ಪದಗಳು ಬಂದು ಕುಳಿತುಬಿಡುತ್ತಿದ್ದವು. ‘ನಿನ್ನೆಯೇ ಬಂದ’ ಎನ್ನುವುದು ‘ಯೆಸ್ಟರ್‌ಡೇ ಓನ್ಲಿ ಹಿ ಕೇಮ್’ ಆಗುತ್ತಿತ್ತು. ನಮ್ಮ ‘ಅಲ್ಲವೇ’ ಎಲ್ಲ ವಾಕ್ಯಕ್ಕೂ ಒಗ್ಗುವುದರಿಂದ ‘ಇಸಿಂಟ್ ಇಟ್’ ಕೂಡ ಎಲ್ಲದಕ್ಕೂ ಅಂಟಿಕೊಳ್ಳುತ್ತಿತ್ತು. ‘ನಿನ್ನೆ ಅವನನ್ನು ನೋಡಿದ್ದೇನೆ’ ಎಂದು ಕನ್ನಡದಲ್ಲಿ ಧಾರಾಳವಾಗಿ ಹೇಳಬಹುದು. ಇಂಗ್ಲಿಷಿನಲ್ಲಿ ‘ಹ್ಯಾವ್ ಸೀನ್’ ಮತ್ತು ‘ಯೆಸ್ಟರ್‌ಡೇ’ ಒಂದೇ ವಾಕ್ಯದಲ್ಲಿ ಬಾಳುವುದಿಲ್ಲ ಎಂಬುದನ್ನು ಅರಗಿಸಿಕೊಳ್ಳಲು ನನಗೆ ಒಂದು ಸೆಮಿಸ್ಟರ್ ಹಿಡಿಯಿತು.

ಕನ್ನಡದಲ್ಲಿ ಯೋಚಿಸುವುದನ್ನು ಬಿಟ್ಟರೆ ಮಾತ್ರ ಇಂಗ್ಲಿಷ್ ಬರುತ್ತದೆಂಬುದು ನಾವು ಎಲ್ಲೆಡೆ ಕೇಳಿದ್ದ ಬುದ್ಧಿವಾದ. ಅದು ನಮ್ಮಿಂದಾಗಲಿಲ್ಲ. ಬಗೆಹರಿಸಿದವಳು ಗುಬ್ಬಿಯ ಗೆಳತಿ. 13ನೆಯ ಶತಮಾನದ ಕೇಶಿರಾಜನ ವ್ಯಾಕರಣವನ್ನು ಸೂತ್ರಸಮೇತ ಓದುತ್ತಿದ್ದ ಆಕೆ, ನಮ್ಮ ತೊಳಲಾಟವನ್ನು ಕೆಲವು ದಿನ ಸುಮ್ಮನೆ ನೋಡಿ, “ಕನ್ನಡದಲ್ಲಿ ಏನು ಹೇಳುತ್ತಿದ್ದೀರಿ ಅನ್ನುವುದೇ ನಿಮಗೆ ಗೊತ್ತಿಲ್ಲವಲ್ಲ, ಮೊದಲು ಅದನ್ನು ಬಿಡಿಸಿ ನೋಡಿ” ಎಂದಳು. ಮಾತು ಸ್ವಲ್ಪ ಚುಚ್ಚಿತು, ನಿಜ.

ಆಕೆ ಮೊದಲು ಬಿಡಿಸಿದ್ದು ‘ದಿ’ಯ ಒಗಟನ್ನು. ಕನ್ನಡದಲ್ಲಿ ಆರ್ಟಿಕಲ್ ಇಲ್ಲವೆಂದು ನಾವು ನಂಬಿದ್ದೆವು. “ಪುಸ್ತಕ ತಂದೆ ಅನ್ನುವುದಕ್ಕೂ ಪುಸ್ತಕವನ್ನು ತಂದೆ ಅನ್ನುವುದಕ್ಕೂ ಏನು ವ್ಯತ್ಯಾಸ?” ಎಂದು ಕೇಳಿದಳು. ಮೂವರೂ ಯೋಚಿಸಿದೆವು. ಮೊದಲನೆಯದರಲ್ಲಿ ಯಾವುದೋ ಒಂದು ಪುಸ್ತಕ. ಎರಡನೆಯದರಲ್ಲಿ ಕೇಳುವವನಿಗೂ ಗೊತ್ತಿರುವ, ಈಗಾಗಲೇ ಮಾತಿಗೆ ಬಂದಿರುವ ಪುಸ್ತಕ. ದ್ವಿತೀಯಾ ವಿಭಕ್ತಿಯ ‘ಅನ್ನು’ ಇಲ್ಲಿ ಹೆಚ್ಚುಕಡಿಮೆ ‘ದಿ’ ಮಾಡುವ ಕೆಲಸವನ್ನೇ ಮಾಡುತ್ತಿತ್ತು! ‘ಹಸುವೊಂದು ಬಂತು’ ಎಂಬಲ್ಲಿಯ ‘ಒಂದು’ ಎಣಿಕೆಯ ಒಂದಲ್ಲ, ಇಂಗ್ಲಿಷಿನ ‘ಎ’. ಎಲ್ಲ ಕಡೆಯೂ ಈ ಲೆಕ್ಕ ಹೊಂದುವುದಿಲ್ಲ: ಮನುಷ್ಯರ ಹೆಸರಿಗೆ ‘ಅನ್ನು’ ಹೇಗೂ ಬೇಕು, ಗ್ರಂಥಸ್ಥ ಕನ್ನಡದಲ್ಲಿ ಅದನ್ನು ಬಿಡುವುದೂ ಅಪರೂಪ. ಆದರೂ ಆಡುಮಾತನ್ನು ಕಿವಿಗೊಟ್ಟು ಕೇಳಿದರೆ, ಪುಸ್ತಕದ ಇಪ್ಪತ್ತು ನಿಯಮ ಹೇಳಿಕೊಡಲಾರದ್ದು ಸಿಗುತ್ತಿತ್ತು.

‘ಎ’ ಮತ್ತು ‘ಆ್ಯನ್’ ವಿಷಯದಲ್ಲಿ ದಾರಿ ಕಂಡುಕೊಂಡವನು ನಾನೇ, ಅದರ ಹೆಮ್ಮೆ ಇನ್ನೂ ಇದೆ. ನಿಯಮ ನಿಂತಿರುವುದು ಉಚ್ಚಾರಣೆಯ ಮೇಲೆ, ಇಂಗ್ಲಿಷ್ ಅಕ್ಷರದ ಮೇಲಲ್ಲ. ಆದ್ದರಿಂದ ಪದವನ್ನು ಕನ್ನಡ ಲಿಪಿಯಲ್ಲಿ ಬರೆದರೆ ಮುಗಿಯಿತು. ‘ಯೂನಿವರ್ಸಿಟಿ’ ವ್ಯಂಜನದಿಂದ ಆರಂಭವಾಗುತ್ತದೆ, ಆದ್ದರಿಂದ ‘ಎ ಯೂನಿವರ್ಸಿಟಿ’, ‘ಎಂ.ಎ.’ ಸ್ವರದಿಂದ, ಆದ್ದರಿಂದ ‘ಆ್ಯನ್ ಎಂ.ಎ.’. ‘ಒನ್ ರುಪೀ’ ನೋಟು ನನಗೆ ಕೈಕೊಟ್ಟಿತು. ನಮ್ಮ ಕಡೆ ‘ಒನ್’ ಎಂದೇ ಬರೆಯುವುದರಿಂದ ಅದನ್ನು ಸ್ವರವೆಂದು ಬಗೆದು ‘ಆ್ಯನ್’ ಹಾಕಿದೆ. ಸರಿಯಾದ ಉಚ್ಚಾರಣೆ ‘ವನ್’. ಆ ದಿನದ ಕಡಲೆಕಾಯಿ ನನ್ನ ಲೆಕ್ಕಕ್ಕೆ.

ಕರ್ಮಣಿ ಪ್ರಯೋಗದ ಪಾಠ ಮುದ್ದೆಯಿಂದ ಶುರುವಾಯಿತು. ‘ಅಮ್ಮನಿಂದ ಮುದ್ದೆ ಕಟ್ಟಲ್ಪಟ್ಟಿತು’ ಎಂದು ಯಾರಾದರೂ ಹೇಳುತ್ತಾರೆಯೇ ಎಂದು ಗೆಳತಿ ಕೇಳಿದಾಗ ಎದುರಿನ ಸೀಟಿನ ಹಿರಿಯರೂ ನಕ್ಕುಬಿಟ್ಟರು. ಹಾಗಾದರೆ ಇಂಗ್ಲಿಷಿನವರಿಗೆ ಪ್ಯಾಸಿವ್ ವಾಯ್ಸ್ ಏಕೆ ಬೇಕು ಎಂಬ ಪ್ರಶ್ನೆಗೆ ಉತ್ತರ ನಿಲ್ದಾಣದ ಧ್ವನಿವರ್ಧಕದಲ್ಲಿ ಸಿಕ್ಕಿತು: ‘ದಿ ಇನ್‌ಕನ್ವೀನಿಯೆನ್ಸ್ ಕಾಸ್ಡ್ ಈಸ್ ಡೀಪ್ಲಿ ರಿಗ್ರೆಟೆಡ್’. ಅನನುಕೂಲ ಮಾಡಿದವರು ಯಾರು, ವಿಷಾದಿಸುತ್ತಿರುವವರು ಯಾರು, ಎರಡೂ ವಾಕ್ಯದಲ್ಲಿಲ್ಲ. ಕರ್ತೃವನ್ನು ಬದಿಗಿರಿಸಬೇಕಾದಾಗ ಮಾತ್ರ ಅದನ್ನು ಬಳಸಬೇಕೆಂದು ಅಂದು ತಿಳಿಯಿತು. ಅಲ್ಲಿಯವರೆಗೆ, ವಿದ್ವತ್ತು ಕಾಣಲೆಂದು ನಾನು ವಾಕ್ಯಕ್ಕೊಂದರಂತೆ ಪ್ಯಾಸಿವ್ ಹಾಕುತ್ತಿದ್ದೆ.

ನಮ್ಮ ಜಿಲ್ಲೆಯದೇ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ 1884ರಲ್ಲಿ ಹುಟ್ಟಿದ ಬಿ.ಎಂ. ಶ್ರೀಕಂಠಯ್ಯನವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಲೇ ಕನ್ನಡದ ಕೆಲಸ ಮಾಡಿದವರು. ಆ ಹೆಸರನ್ನು ಗೆಳತಿ ಆಗಾಗ ಎತ್ತಿ ನಮ್ಮನ್ನು ಕೆಣಕುತ್ತಿದ್ದಳು. ಉತ್ತರ ಕೊಡುವಷ್ಟು ಕನ್ನಡ ನಮ್ಮಲ್ಲಿರಲಿಲ್ಲ.

ಅಂತಿಮ ಪರೀಕ್ಷೆಯ ದಿನ ದೀರ್ಘ ಉತ್ತರವೊಂದರ ನಡುವೆ ಒಂದು ನಾಮಪದದ ಮುಂದೆ ನನ್ನ ಪೆನ್ನು ನಿಂತಿತು. ‘ದಿ’ ಬೇಕೋ ಬೇಡವೋ ತಿಳಿಯದೆ, ಅಂಚಿನಲ್ಲಿ ಪೆನ್ಸಿಲಿನಿಂದ ಆ ವಾಕ್ಯವನ್ನು ಕನ್ನಡದಲ್ಲಿ, ಮನೆಯಲ್ಲಿ ಆಡುವ ಹಾಗೆಯೇ ಬರೆದುಕೊಂಡೆ. ‘ಅನ್ನು’ ತಾನಾಗಿ ಬಂದು ಕುಳಿತಿತು. ‘ದಿ’ ಹಾಕಿದೆ. ಅಂಚಿನ ಕನ್ನಡವನ್ನು ಅಳಿಸೋಣವೆಂದರೆ ಜೇಬಿನಲ್ಲಿ ರಬ್ಬರು ಇರಲಿಲ್ಲ. ಉತ್ತರಪತ್ರಿಕೆ ಹಾಗೆಯೇ ಹೋಯಿತು.