ಪೆನ್ನು ಬೇಡದ ಲೆಕ್ಕ: ಗಣಿತ ತಂಡದ ಮೊದಲ ಮೂರು ತಿಂಗಳು

ಸೆಪ್ಟೆಂಬರ್ 2024

ನ್ಯೂಜೆರ್ಸಿಯ ನಮ್ಮ ಮನೆ ಹತ್ತಿರ ಒಂದು ಯಹೂದಿ ಹೈಸ್ಕೂಲ್ ಇದೆ. ಅಲ್ಲಿನ ಮಕ್ಕಳನ್ನು ಎಎಂಸಿ 10 ಎಂಬ ಅಮೆರಿಕದ ಶಾಲಾ ಗಣಿತ ಸ್ಪರ್ಧೆಗೆ ತಯಾರು ಮಾಡಲು ಒಪ್ಪಿಕೊಂಡಿದ್ದೇನೆ. ಮೊದಲ ದಿನ ಹನ್ನೊಂದು ಮಕ್ಕಳು ಬಂದರು.

ಇವರ ದಿನ ತುಂಬಾ ಉದ್ದ. ಯಹೂದಿಗಳ ಧರ್ಮಗ್ರಂಥ ತೋರಾ, ಧರ್ಮನಿಯಮಗಳ ಚರ್ಚೆಯ ಗ್ರಂಥ ತಾಲ್ಮುಡ್, ಹೀಬ್ರೂ ಭಾಷೆ ಒಂದು ಕಡೆ. ಗಣಿತ, ವಿಜ್ಞಾನ, ಇತಿಹಾಸ ಇನ್ನೊಂದು ಕಡೆ. ಶಾಲೆ ಬಿಡುವಾಗ ಐದು ಗಂಟೆ. ಎಎಂಸಿಯಲ್ಲಿ 75 ನಿಮಿಷಕ್ಕೆ 25 ಪ್ರಶ್ನೆ. ಸರಿ ಉತ್ತರಕ್ಕೆ 6 ಅಂಕ, ಖಾಲಿ ಬಿಟ್ಟರೆ 1.5, ತಪ್ಪಾದರೆ ಸೊನ್ನೆ. ನಾನು ಟೈಮರ್ ಇಟ್ಟು ಹಳೆ ಪ್ರಶ್ನೆಪತ್ರಿಕೆ ಬರೆಸಿದೆ. ಮೂರನೇ ವಾರಕ್ಕೆ ಏಳೇ ಮಕ್ಕಳು ಉಳಿದರು. ತಪ್ಪು ನನ್ನದೇ. ದಣಿದು ಬಂದವರಿಗೆ ಇನ್ನೊಂದು ಪರೀಕ್ಷೆ ಕೊಟ್ಟರೆ ಯಾರು ತಾನೇ ಕೂರುತ್ತಾರೆ?

ಅಕ್ಟೋಬರ್

ರೋಶ್ ಹಶಾನಾ, ಯೋಮ್ ಕಿಪ್ಪುರ್, ಸುಕ್ಕೋತ್. ತಿಂಗಳೆಲ್ಲ ಹಬ್ಬ. ನಾವು ಸೇರಿದ್ದು ಎರಡೇ ಸಲ. ಆದರೆ ಆ ಎರಡು ಸಲದಲ್ಲೇ ದಾರಿ ಸಿಕ್ಕಿತು.

ಒಂದು ಸಂಜೆ ಬೇಗ ಹೋಗಿದ್ದೆ. ತಾಲ್ಮುಡ್ ತರಗತಿ ಇನ್ನೂ ನಡೆಯುತ್ತಿತ್ತು. ಎಂಥ ಗದ್ದಲ! ಇಬ್ಬಿಬ್ಬರು ಒಂದೇ ಪುಸ್ತಕದ ಮುಂದೆ ಕೂತು, ಗಟ್ಟಿಯಾಗಿ ಓದಿ, ಒಬ್ಬರ ಮಾತನ್ನು ಇನ್ನೊಬ್ಬರು ಮುರಿಯುತ್ತಿದ್ದರು. ಇದಕ್ಕೆ ಹವ್ರುತಾ ಅನ್ನುತ್ತಾರೆ. ನನ್ನ ತರಗತಿಯಲ್ಲಿ ತುಟಿ ಪಿಟಿಕ್ಕೆನ್ನದ ಮಕ್ಕಳು ಇವರೇನಾ ಅನ್ನಿಸಿತು. ಟೈಮರ್ ಚೀಲಕ್ಕೆ ಹಾಕಿದೆ. ಅವತ್ತಿನಿಂದ ಇಬ್ಬರಿಗೆ ಒಂದೇ ಹಾಳೆ, ಒಂದೇ ಪೆನ್ಸಿಲ್. ಗಲಾಟೆ ಎಷ್ಟಾದರೂ ಆಗಲಿ.

ನವೆಂಬರ್

ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಗಣಿತ ಸ್ಪರ್ಧೆಗೂ ಕರೆದುಕೊಂಡು ಹೋಗುವ ಆಸೆ ನನಗಿತ್ತು. ಅದು ನಡೆಯುವುದು ಶನಿವಾರ. ಶನಿವಾರ ಶಬ್ಬಾತ್, ಯಹೂದಿಗಳ ವಾರದ ವಿಶ್ರಾಂತಿ ದಿನ. ಶುಕ್ರವಾರ ಹೊತ್ತು ಮುಳುಗುವುದರಿಂದ ಶನಿವಾರ ರಾತ್ರಿ ನಕ್ಷತ್ರ ಕಾಣುವವರೆಗೆ ಇವರು ಬರೆಯುವಂತಿಲ್ಲ, ಫೋನ್ ಮುಟ್ಟುವಂತಿಲ್ಲ. ಅಲ್ಲಿಗೆ ಆ ಮಾತು ಮುಗಿಯಿತು. ಆಗ ಒಬ್ಬ ಹುಡುಗಿ ಹೇಳಿದಳು: "ಬರೆಯೋಕಾಗಲ್ಲ, ಅಷ್ಟೇ. ಯೋಚನೆ ಮಾಡಬಹುದಲ್ವಾ?"

ಅವರ ಮನೆಗಳಲ್ಲಿ ಕೇಳಿ, ಒಪ್ಪಿದವರಿಗೆ ಪ್ರತಿ ಶುಕ್ರವಾರ ಪೆನ್ನು ಬೇಡದ ಒಂದು ಲೆಕ್ಕ ಕೊಡಲು ಶುರು ಮಾಡಿದೆ. ಸೋಮವಾರ ಬಾಯಲ್ಲೇ ಉತ್ತರ ಹೇಳಬೇಕು. ಜೋಡಿಗೆ ಜೋಡಿ ಪೈಪೋಟಿ.

ಮೊದಲನೆಯದು ಇದು. 2ರ ಘಾತಗಳು 1, 2, 4, 8, 16... 3ರ ಘಾತಗಳು 1, 3, 9, 27... ಒಂದೊಂದು ಪಟ್ಟಿಯಿಂದ ಒಂದೊಂದು ಸಂಖ್ಯೆ ಆರಿಸಿ, ಅವುಗಳ ನಡುವಿನ ವ್ಯತ್ಯಾಸ ಸರಿಯಾಗಿ 1 ಇರಬೇಕು. (1,2), (2,3), (3,4), (8,9) ಬೇಗ ಸಿಗುತ್ತವೆ. ಇನ್ನೂ ಇವೆಯಾ?

ಸೋಮವಾರ ಅದೇ ಹುಡುಗಿ ಕೋಟು ಕೂಡ ತೆಗೆಯದೆ ಬೆರಳು ಮಡಿಸುತ್ತ ನಿಂತಳು. "3ರ ಘಾತವನ್ನು 8ರಿಂದ ಭಾಗಿಸಿದರೆ ಶೇಷ ಒಂದೋ 1, ಇಲ್ಲಾ 3. ಒಂದು ಕೂಡಿಸಿದರೆ 2 ಅಥವಾ 4. ಸೊನ್ನೆ ಬರೋದೇ ಇಲ್ಲ. ಹಾಗಾದ್ರೆ 8, 16, 32 ಯಾವುದೂ 3ರ ಘಾತಕ್ಕಿಂತ ಒಂದು ಜಾಸ್ತಿ ಆಗೋಕೆ ಸಾಧ್ಯವಿಲ್ಲ." ಇನ್ನರ್ಧ ಅವಳ ಜೋಡಿ ಹೇಳಿದಳು. 3ರ ಘಾತವೇ ಒಂದು ಜಾಸ್ತಿ ಇದ್ದು, 2ರ ಘಾತ 8 ಅಥವಾ ಅದಕ್ಕಿಂತ ದೊಡ್ಡದಾದರೆ, ಶೇಷ 1 ಬರಬೇಕು. ಅಂದರೆ ಆ 3ರ ಘಾತ 9, 81ರಂಥ ಒಂದು ವರ್ಗ. ಅದರಿಂದ ಒಂದು ಕಳೆದರೆ 2 ಅಂತರವಿರುವ ಎರಡು ಸಂಖ್ಯೆಗಳ ಗುಣಲಬ್ಧ ಆಗುತ್ತದೆ. ಎರಡೂ 2ರ ಘಾತಗಳೇ ಆಗಿರಬೇಕು. ಅಂಥವು 2 ಮತ್ತು 4 ಮಾತ್ರ. ಗುಣಿಸಿದರೆ 8. ಮುಗಿಯಿತು.

ಇದನ್ನು ಮೊದಲು ಸಾಧಿಸಿದವರು ದಕ್ಷಿಣ ಫ್ರಾನ್ಸಿನ ಲೆವಿ ಬೆನ್ ಗೆರ್ಶೋಮ್ ಅಂತ ಆಮೇಲೆ ಹೇಳಿದೆ. 1340ರ ದಶಕದಲ್ಲಿ ಫಿಲಿಪ್ ದ ವಿತ್ರಿ ಎಂಬ ಸಂಗೀತಗಾರನಿಗಾಗಿ ಮಾಡಿದ ಕೆಲಸ ಅದು. 2:1, 3:2, 4:3, 9:8 ಸ್ವರಗಳ ಅಂತರದ ಅನುಪಾತಗಳು ತಾನೇ. ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ. "ತಾಳಿ, ಇವರು ನಮ್ಮ ರಲ್ಬಾಗ್ ಅಲ್ವಾ?" ಹೌದು. ಬೆಳಿಗ್ಗೆ ತೋರಾ ತರಗತಿಯಲ್ಲಿ ಯಾರ ವ್ಯಾಖ್ಯಾನ ಓದುತ್ತಾರೋ ಅವರೇ. ಆ ಹುಡುಗನ ಮುಖ ನೋಡಬೇಕಿತ್ತು. ಇಲ್ಲಿಯವರೆಗೆ ಅವನಿಗೆ ಗಣಿತ ಮಧ್ಯಾಹ್ನದ ಪಾಠ, ರಲ್ಬಾಗ್ ಬೆಳಗಿನ ಪಾಠ.

ಎಎಂಸಿ ಮುಗಿದಿದೆ. ಇಬ್ಬರು 90 ದಾಟಿದ್ದಾರೆ. ಉಳಿದವರದು ಕಡಿಮೆ, ಆದರೆ ಒಬ್ಬರೂ ಬಿಟ್ಟು ಹೋಗಿಲ್ಲ. ಬಿಟ್ಟಿದ್ದ ನಾಲ್ವರಲ್ಲಿ ಮೂವರು ಶುಕ್ರವಾರದ ಲೆಕ್ಕಕ್ಕೆ ವಾಪಸ್ ಬಂದಿದ್ದಾರೆ.

ಈ ವಾರದ ಲೆಕ್ಕ ಅವರ ತಾಲ್ಮುಡ್‌ನಿಂದಲೇ, ಕೆತುಬೋತ್ ಭಾಗದ್ದು. ಸತ್ತವನ ಮೂವರು ಹೆಂಡತಿಯರಿಗೆ 100, 200, 300 ಸಲ್ಲಬೇಕು. ಆಸ್ತಿ 100 ಇದ್ದರೆ ಮೂವರಿಗೂ ಸಮಪಾಲು. 300 ಇದ್ದರೆ 50, 100, 150. ಆದರೆ 200 ಇದ್ದರೆ 50, 75, 75. ಇದೆಂಥ ನಿಯಮ? ರಾಬರ್ಟ್ ಔಮನ್ ಮತ್ತು ಮೈಕೆಲ್ ಮಾಷ್ಲರ್ 1985ರಲ್ಲಿ ಆಟ ಸಿದ್ಧಾಂತದಿಂದ (ಪೈಪೋಟಿ, ಹಂಚಿಕೆಗಳನ್ನು ಲೆಕ್ಕ ಹಾಕುವ ಗಣಿತ) ಇದನ್ನು ಬಿಡಿಸಿದರು. ಔಮನ್ ಹುಡುಗನಾಗಿದ್ದಾಗ ಓದಿದ್ದು ನ್ಯೂಯಾರ್ಕಿನ ಇಂಥದ್ದೇ ಒಂದು ಶಾಲೆಯಲ್ಲಿ. 2005ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಆ ಹೆಸರುಗಳನ್ನು ಮಕ್ಕಳಿಗೆ ಇನ್ನೂ ಹೇಳಿಲ್ಲ. ಒಂದು ಸುಳಿವು ಮಾತ್ರ ಕೊಟ್ಟಿದ್ದೇನೆ: ಮೂವರನ್ನು ಒಟ್ಟಿಗೆ ನೋಡಬೇಡಿ, ಇಬ್ಬಿಬ್ಬರನ್ನು ನೋಡಿ.